ಜೋಕಿಲ್ಲದ ಒಂದು ಕಾಗದ

ಪೇರ್ಲ್ಯಾಂಡ್
೯ ಸೆಪ್ಟೆಂಬರ್ ೨೦೨೫

ರೀ,

ನಾನು ಹ್ಯೂಸ್ಟನ್‌ಗೆ, ಪ್ರಭಕ್ಕನ ಮನೆಗೆ ಕ್ಷೇಮವಾಗಿ ತಲುಪಿದ್ದೇನೆ. ಕುಕ್ಕರ್ ಹುಡುಕಬೇಡಿ, ಅದು ನನ್ನ ಜೊತೆ ಬಂದಿದೆ. ಅದನ್ನು ಕೊಟ್ಟದ್ದು ನಮ್ಮವ್ವ. ಅದರೊಳಗಿಡುವ ಇಡ್ಲಿ ಸ್ಟ್ಯಾಂಡ್ ಕೊಟ್ಟದ್ದು ನಿಮ್ಮಮ್ಮ, ಆದ್ದರಿಂದ ಅಲ್ಲೇ ಬಿಟ್ಟಿದ್ದೇನೆ. ಬರೀ ಸ್ಟ್ಯಾಂಡ್ ಇಟ್ಟುಕೊಂಡು ಏನು ಬೇಯಿಸುತ್ತೀರೋ ನಿಮಗೆ ಬಿಟ್ಟದ್ದು.

ಯಾರಾದರೂ ಕೇಳಿದರೆ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಎಂದು ಹೇಳಿ. ಅಕ್ಕನಿಗೂ ಹೇಳಿಟ್ಟಿದ್ದೇನೆ. "ಯಾವ ಕಾಲು ಅಂತ ಮೊದಲ ಹೇಳಿಬಿಡವ್ವಾ, ಕುಂಟೋವಾಗ ತಪ್ಪಬಾರದು" ಅಂದಳು. ಎಡಗಾಲು ಎಂದು ತೀರ್ಮಾನವಾಗಿದೆ. ನೀವೂ ಎಡಗಾಲೇ ಹೇಳಿ.

ನಾನು ಯಾಕೆ ಬಂದೆ ಎಂದು ನಿಮಗೆ ಇನ್ನೂ ಗೊತ್ತಾಗಿರಲಿಕ್ಕಿಲ್ಲ. ಹದಿನೈದು ವರ್ಷದಿಂದ 'ಗಂಡ ಭೇರುಂಡ' ಎಂದು ಹೆಸರಿಟ್ಟುಕೊಂಡು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರು ಕಡೆಯ ಕನ್ನಡದವರನ್ನೂ ನಗಿಸಿದ್ದೇವೆ. ನಾನು ಚೆಂಡು ಎತ್ತಿಕೊಡುವವಳು, ನೀವು ಹೊಡೆಯುವವರು. ಧಾರವಾಡದ ಹೆಂಡತಿ ಬೈಯುತ್ತಾಳೆ, ಮೈಸೂರಿನ ಗಂಡ ಪೇಚಾಡುತ್ತಾನೆ, ಜನ ನಿಮಗೆ ಚಪ್ಪಾಳೆ ತಟ್ಟುತ್ತಾರೆ. ಅದಕ್ಕೆ ನಾನು ಎಂದೂ ಕೊರಗಲಿಲ್ಲ. ಆದರೆ ಊಟದ ಮೇಜಿನಲ್ಲಿ ನಾನು ನಿಮ್ಮೊಬ್ಬರಿಗೇ ಅಂತ ಹೇಳಿದ ಮಾತನ್ನು ಶನಿವಾರ ಗಣೇಶನ ಹಬ್ಬದ ಶೋನಲ್ಲಿ ನನ್ನದೇ ದನಿ ಅನುಕರಣೆ ಮಾಡಿ ಹೇಳಿಬಿಟ್ಟಿರಿ. ಪಕ್ಕದಲ್ಲಿ ಮೈಕ್ ಹಿಡಿದು ನಾನು ನಿಂತಿದ್ದೆ. ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು.

ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ. ಫೋನಿನಲ್ಲಿ ನನ್ನ ವಾಕ್ಯ ಮುಗಿಯುವ ಮೊದಲೇ ಅದನ್ನು ನೀವು ಮುಗಿಸಿಬಿಡುತ್ತೀರಿ. ಕಾಗದದಲ್ಲಿ ಆ ಸೌಕರ್ಯ ಇಲ್ಲ. ಆಸ್ಟಿನ್‌ನಲ್ಲಿ ನವೆಂಬರ್ ಹದಿನೈದರ ರಾಜ್ಯೋತ್ಸವಕ್ಕೆ ಬರುತ್ತೇವೆ ಎಂದು ಅಲ್ಲಿಯ ಸಂಘದ ಮೋಹನರಾಜ ಅವರಿಗೆ ಮಾತು ಕೊಟ್ಟಿದ್ದೇವೆ. ನನಗೆ ನಿಮ್ಮಿಂದ ಒಂದು ಕಾಗದ ಬೇಕು, ಒಂದೇ ಒಂದು ಜೋಕೂ ಇಲ್ಲದ್ದು. ಬಂದರೆ ಆಸ್ಟಿನ್‌ಗೂ ಬರುತ್ತೇನೆ, ಅಲ್ಲಿಂದ ಮನೆಗೂ ಬರುತ್ತೇನೆ. ಬರದಿದ್ದರೆ ಎರಡಕ್ಕೂ ಇಲ್ಲ.

ಅನುಸೂಯಾ


ಲೂಯಿಸ್‌ವಿಲ್
೧೪ ಸೆಪ್ಟೆಂಬರ್ ೨೦೨೫

ಚಿ. ಸೌ. ಅನುಸೂಯಾಳಿಗೆ ಸತ್ಯಪ್ರಕಾಶನು ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ನಾವೆಲ್ಲರೂ ಎಂದರೆ ನಾನು, ಡಿಶ್‌ವಾಷರ್ ಮತ್ತು ಇಡ್ಲಿ ಸ್ಟ್ಯಾಂಡ್.

ಇದನ್ನು ಜೋಕ್ ಎಂದು ಲೆಕ್ಕ ಹಿಡಿಯಬೇಡ. ಕುಶಲ ಸಮಾಚಾರ ಬರೆಯದೆ ಕಾಗದ ಶುರುಮಾಡುವುದು ನಮ್ಮ ಮನೆತನದಲ್ಲಿ ಇಲ್ಲ.

ನಿನ್ನ ಕೋಪ ನನಗೆ ಅರ್ಥವಾಗಿದೆ. ಜಿಪಿಎಸ್ ಡೈಲಾಗ್ ನಿನ್ನದು. ಅದನ್ನು ನಿನ್ನ ಬಾಯಿಂದ ಹೇಳಿಸದೆ ನಾನು ಹೇಳಿದೆ, ಚಪ್ಪಾಳೆ ನನ್ನ ಪಾಲಿಗೆ ಬಂತು. ಕಲಾವಿದೆಗೆ ನೋವಾಗುವುದು ಸಹಜ. ಆಸ್ಟಿನ್‌ನಲ್ಲಿ ಅದನ್ನು ನೀನೇ ಹೇಳು. "ಈ ಊರಾಗ ನನ್ನ ಜೋಡಿ ಕಡೀತನಕ ಮಾತಾಡಾಕಿ ಅಂದ್ರ ಜಿಪಿಎಸ್ ಒಬ್ಬಾಕಿನ. ದಾರಿ ತಪ್ಪಿದ್ರೂ ಬೈಯಂಗಿಲ್ಲ." ಆಹಾ. ಎಂಥ ಸಾಲು ಅನು. ಅಂದು ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರಿಗೆ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ನೀನು ಹೆಮ್ಮೆ ಪಡಬೇಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ದೊಡ್ಡವರು ಹೇಳಿದ್ದಾರೆ. ಉಂಡು ಮಲಗಿ ಎಷ್ಟೋ ದಿನವಾಯಿತು. ದಿಯಾ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಎಲ್ಲ ಕೇಳಿ "ಅಪ್ಪಾ, ಯು ಗೈಸ್ ಆರ್ ಸೋ ಡ್ರಮ್ಯಾಟಿಕ್" ಅಂದಳು. ಹದಿನೈದು ವರ್ಷದ ವೃತ್ತಿಗೆ ಮಗಳು ಕೊಟ್ಟ ಪ್ರಶಸ್ತಿ ಎಂದು ಇಟ್ಟುಕೊಂಡಿದ್ದೇನೆ.

ನಿಮ್ಮಕ್ಕನ ಎಡಗಾಲು ಬೇಗ ಗುಣವಾಗಲಿ.

ಇಂತು, ಸತ್ಯಪ್ರಕಾಶ
(ಈ ಕಾಗದದಲ್ಲಿ ಜೋಕಿಲ್ಲ. ಆಸ್ಟಿನ್‌ಗೆ ಯಾವ ಸೀರೆ ಉಡುತ್ತೀಯ, ತಿಳಿಸು.)


ಪೇರ್ಲ್ಯಾಂಡ್
೨೦ ಸೆಪ್ಟೆಂಬರ್ ೨೦೨೫

ರೀ,

ನಿಮ್ಮ ಕಾಗದವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಕೆಂಪು ಗೆರೆ ಎಳೆದ ಕಡೆಯೆಲ್ಲ ಜೋಕಿದೆ. ಕನ್ನಡ ಶಾಲೆಯ ಮಕ್ಕಳ ಕಾಪಿ ತಿದ್ದಿ ತಿದ್ದಿ ನನಗೆ ಅಭ್ಯಾಸ. ಗೆರೆ ಇಲ್ಲದೆ ಉಳಿದದ್ದು ತಾರೀಖು, ಹೆಸರು ಮಾತ್ರ. ನಿಮ್ಮ ಹೆಸರಿನ ಕೆಳಗೂ ಎಳೆಯಬೇಕೆಂದಿದ್ದೆ, ಸತ್ಯ ಎಂಬ ಎರಡಕ್ಷರದ ಮುಖ ನೋಡಿ ಬಿಟ್ಟೆ.

ಉಂಡು ಮಲಗುವ ತನಕ ಅಂತೀರಿ. ಉಣ್ಣಲು ಮಾಡಿಹಾಕುವವಳು ಇಲ್ಲಿದ್ದಾಳೆ.

ನಾನು ಕಲಾವಿದೆ ಎಂದು ಕೋಪ ಬಂದದ್ದಲ್ಲ. ಚಪ್ಪಾಳೆ ನಿಮಗೆ ಬಂದದ್ದಕ್ಕೂ ಅಲ್ಲ. ನಾನು ಆ ಮಾತು ಹೇಳಿದ ದಿನ ನಿಮಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು. ದಿಯಾಳನ್ನು ನಾನೊಬ್ಬಳೇ ಲಬ್ಬಕ್‌ನ ಕಾಲೇಜಿಗೆ ಬಿಟ್ಟು, ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದೆ. ಬಂದವಳು ನಿಮ್ಮೆದುರು ಕೂತು ಒಂದು ಮಾತು ಹೇಳಿದೆ. ನೀವು ಮೇಜು ಬಡಿದು ನಕ್ಕಿರಿ. ಫೋನ್ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದು "ಇನ್ನೊಂದ್ಸಲ ಹೇಳು, ಸ್ವಲ್ಪ ನಿಧಾನಕ್ಕೆ, ರೆಕಾರ್ಡ್ ಮಾಡ್ಕೋತೀನಿ" ಅಂದಿರಿ. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ ಅದನ್ನೇ ಪ್ರಾಕ್ಟೀಸ್ ಮಾಡುತ್ತಿದ್ದಿರಿ. ನನ್ನ ಊಟ ತಣ್ಣಗಾಯಿತು.

ನಾನು ಹೇಳುವುದು ಮುಗಿದಿರಲಿಲ್ಲ. ಅಷ್ಟೇ ನನ್ನ ತಕರಾರು.

ಅನುಸೂಯಾ


ಲೂಯಿಸ್‌ವಿಲ್
೩೦ ಸೆಪ್ಟೆಂಬರ್ ೨೦೨೫

ಪ್ರಿಯ ಅನು,

ಮುಗಿದಿರಲಿಲ್ಲ ಎಂದು ಮೊದಲೇ ಹೇಳಬಾರದಿತ್ತೇ. ನನಗೂ ಹಾಗೇ ಅನ್ನಿಸಿತ್ತು. ಸಾಲು ಚೆನ್ನಾಗಿದೆ, ಆದರೆ ಅಲ್ಲಿಗೇ ಬಿಟ್ಟರೆ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ. ಈ ವಾರವೆಲ್ಲ ಕೂತು ಮುಂದಿನ ಭಾಗ ಬರೆದಿದ್ದೇನೆ, ನೋಡು:

ಹೆಂಡತಿ: ಜಿಪಿಎಸ್ ಬೈಯಂಗಿಲ್ಲ.
ಗಂಡ: ಅದಕ್ಕೇ ಅವಳಿಗೆ ಇನ್ನೂ ಮದುವೆ ಆಗಿಲ್ಲ.
ಹೆಂಡತಿ: ತಪ್ಪು ದಾರಿ ಹಿಡಿದ್ರ ಯೂ ಟರ್ನ್ ಮಾಡ್ರಿ ಅಂತಾಳ.
ಗಂಡ: ತಾಳಿ ಕಟ್ಟೋವಾಗ ಅವಳು ಎಲ್ಲಿದ್ದಳು?

ಇದರ ಮೇಲೆ ನಾನು ಮೂರು ಸುತ್ತು ವೇದಿಕೆಯಲ್ಲಿ ಕಾರ್ ಓಡಿಸುತ್ತೇನೆ. ನೀನು ಒಪ್ಪಿದರೆ ಮೋಹನರಾಜ ಅವರಿಗೆ ಸ್ಟೇರಿಂಗ್ ಒಂದನ್ನು ರೆಡಿ ಮಾಡಿಡಲು ಹೇಳುತ್ತೇನೆ.

ಇನ್ನೊಂದು ವಿಷಯ. ನಾಲ್ಕನೇ ತಾರೀಖು ಇಲ್ಲಿ ಡಲ್ಲಾಸ್‌ನಲ್ಲಿ ದಸರಾ ಕಾರ್ಯಕ್ರಮ. ನೀನಿಲ್ಲ ಎಂದರೂ ಸಂಘದವರು ಕೇಳಲಿಲ್ಲ. ಸುಪ್ರಜಾ ಎಂದು ಹೊಸದಾಗಿ ಬೆಂಗಳೂರಿನಿಂದ ಬಂದ ಹುಡುಗಿ ಇದ್ದಾಳೆ, ಕಾಲೇಜಿನಲ್ಲಿ ನಾಟಕ ಮಾಡಿದವಳಂತೆ. ನಿನ್ನ ಪಾರ್ಟು ಅವಳಿಗೆ ಕೊಟ್ಟಿದ್ದೇನೆ. ಚುರುಕಾಗಿದ್ದಾಳೆ, ಹೇಳಿದ್ದನ್ನೆಲ್ಲ ಕೇಳುತ್ತಾಳೆ.

ನವರಾತ್ರಿಯ ಗರ್ಬಾದಲ್ಲಿ ನಿಮ್ಮಕ್ಕ ಗಿರಗಿರನೆ ತಿರುಗುವ ವಿಡಿಯೊ ನಮ್ಮ ಗ್ರೂಪಿಗೆ ಬಂದಿದೆ. ಎಡಗಾಲು ಅದ್ಭುತವಾಗಿ ಕೂಡಿಕೊಂಡಿದೆ ಎಂದು ಎಲ್ಲರೂ ಡಾಕ್ಟರ ಹೆಸರು ಕೇಳುತ್ತಿದ್ದಾರೆ. ಏನು ಹೇಳಲಿ?

ನಿನ್ನ ಸತ್ಯ


ಲೂಯಿಸ್‌ವಿಲ್
೭ ಅಕ್ಟೋಬರ್ ೨೦೨೫

ಅನು,

ನಿನ್ನಿಂದ ಉತ್ತರ ಬರಲಿಲ್ಲ. ದಸರಾ ಶೋ ಸೂಪರ್ ಆಯಿತು. ಜನ ಎಂದೂ ನಗದ ಹಾಗೆ ನಕ್ಕರು. ಸುಪ್ರಜಾ ಹೇಳಿದ ಒಂದು ಮಾತಿಗಂತೂ ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಚೆನ್ನಾಗಿದ್ದೇನೆ, ಊಟ ತಿಂಡಿಗೆ ತೊಂದರೆ ಇಲ್ಲ.

ಸತ್ಯಪ್ರಕಾಶ


ಪೇರ್ಲ್ಯಾಂಡ್
೧೧ ಅಕ್ಟೋಬರ್ ೨೦೨೫

ಶ್ರೀ ಸತ್ಯಪ್ರಕಾಶ ಅವರಿಗೆ,

ಶೋ ಚೆನ್ನಾಗಿ ಆದದ್ದು ತಿಳಿದು ಸಂತೋಷವಾಯಿತು. ಹೇಳಿದ್ದನ್ನೆಲ್ಲ ಕೇಳುವ ಹೆಂಡತಿ ವೇದಿಕೆಯ ಮೇಲಾದರೂ ಸಿಕ್ಕಳಲ್ಲ. ಆಸ್ಟಿನ್‌ಗೂ ಅವಳನ್ನೇ ಕರೆದುಕೊಂಡು ಹೋಗಿ. ಸ್ಟೇರಿಂಗ್ ಅವಳಿಗೇ ಹಿಡಿಸಿ.

ನಿಮ್ಮ 'ಮುಂದಿನ ಭಾಗ' ಓದಿದೆ. ಅಕ್ಕನೂ ಓದಿದಳು. "ಈ ಮನಿಶ್ಯಾ ಬೆಂಕಿ ಬಿದ್ದ ಮನಿಯೊಳಗ ನಿಂತು ಬೀಡಿಗೆ ಬೆಂಕಿ ಕೇಳ್ತಾನಲ್ಲ" ಅಂದಳು. ಡಾಕ್ಟರ ಹೆಸರು ಕೇಳುವವರಿಗೆ ಚಾಮುಂಡೇಶ್ವರಿ ಎಂದು ಹೇಳಿ.

ಇಲ್ಲಿ ನನಗೂ ಹೊತ್ತು ಹೋಗುತ್ತಿದೆ. ಬೆಳಿಗ್ಗೆ ಮೀನಾಕ್ಷಿ ಗುಡಿಗೆ ಹೋಗುತ್ತೇನೆ, ಬಂದು ಅಕ್ಕನ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತೇನೆ. ಮೊನ್ನೆ ಇಲ್ಲಿಯ ಹೆಂಗಸರು ಸೇರಿದ್ದ ಕಡೆ ನಾಲ್ಕು ಮಾತು ಆಡು ಅಂದರು, ಆಡಿದೆ. ಬೇರೆ ವಿಶೇಷ ಇಲ್ಲ.

ಅನುಸೂಯಾ


ಲೂಯಿಸ್‌ವಿಲ್
೨೧ ಅಕ್ಟೋಬರ್ ೨೦೨೫

ಅನು,

ನಾಲ್ಕು ಮಾತು ಎಂದು ಬರೆದಿದ್ದೆ. ವಿಡಿಯೊ ಬಂದಿದೆ. ನೀನೊಬ್ಬಳೇ ಅರ್ಧ ಗಂಟೆ ಮಾತಾಡಿದ್ದೀಯ, ಜನ ಕುರ್ಚಿಯಿಂದ ಜಾರಿದ್ದಾರೆ. "ನಮ್ಮನಿಯವ್ರು ನನ್ನ ಮಾತಿಗೆ ಹ್ಞೂಂ ಅನ್ನೋದು ಗೊರಕಿ ಹೊಡಿಯೋವಾಗ ಅಷ್ಟ" ಎಂದೆಯಲ್ಲ, ಅಲ್ಲಿ ಕ್ಯಾಮೆರಾ ಹಿಡಿದವರ ಕೈಯೇ ನಡುಗಿದೆ. ನನಗೆ ಹೊಟ್ಟೆ ಉರಿಯಿತು. ದೀಪಾವಳಿಯ ದಿನ ಎಣ್ಣೆ ಸ್ನಾನ ಮಾಡಿ ಕೂತು ನೋಡಿದ್ದು, ಇಡೀ ದಿನ ಉರಿಯುತ್ತಲೇ ಇತ್ತು. ಇಷ್ಟು ವರ್ಷ ನಾನು ಹೊಡೆಯುತ್ತಿದ್ದೇನೆ ಎಂದುಕೊಂಡಿದ್ದೆ. ನೀನು ಎತ್ತಿಕೊಡುತ್ತಿದ್ದ ರೀತಿಗೆ ಯಾರ ಕೈ ತಗುಲಿದ್ದರೂ ಚೆಂಡು ಹೋಗಿ ಬೀಳುತ್ತಿತ್ತು.

ಇನ್ನೊಂದು ಕಂಡೆ. ಪ್ರತಿ ಸಲ ಜನ ನಕ್ಕಾಗ ನೀನು ಎಡಕ್ಕೆ ತಿರುಗುತ್ತೀಯ. ನಾನು ನಿಲ್ಲುವುದು ಎಡಗಡೆ.

ನನ್ನ ದಸರಾ ಶೋ ಬಗ್ಗೆ ಬರೆದದ್ದು ಪೂರ್ತಿ ಸುಳ್ಳಲ್ಲ. ಸುಪ್ರಜಾಳ ಒಂದು ಮಾತಿಗೆ ಚಪ್ಪಾಳೆ ನಿಲ್ಲಲಿಲ್ಲ ನಿಜ. ಆ ಹುಡುಗಿ ಒಳ್ಳೆಯವಳು, ಡೈಲಾಗ್ ಎಲ್ಲ ಬಾಯಿಪಾಠ. ಸೊಂಟದ ಮೇಲೆ ಕೈ ಇಟ್ಟು, ಕಣ್ಣು ಕೆಂಪಗೆ ಮಾಡಿ, ನನ್ನ ಧರ್ಮಪತ್ನಿಯಾಗಿ ಮುಂದೆ ಬಂದು "ಎಲ್ಲಿಗೆ ಹೋಗಿದ್ರಿ ಅಂಕಲ್?" ಎಂದು ಕೇಳಿದಳು. ಪಾಪ, ರಿಹರ್ಸಲ್ ಉದ್ದಕ್ಕೂ ಹಾಗೇ ಕರೆದು ರೂಢಿ. ಜನ ಎದ್ದು ನಿಂತು ನಕ್ಕರು. ಅದಾದ ಮೇಲೆ ನಾನು ಹೇಳಿದ ಯಾವುದಕ್ಕೂ ಒಬ್ಬರೂ ನಗಲಿಲ್ಲ. ಈಗ ಲೂಯಿಸ್‌ವಿಲ್‌ನ ಇಂಡಿಯನ್ ಸ್ಟೋರಿನಲ್ಲಿ ನನ್ನ ವಯಸ್ಸಿನವರೂ ನನ್ನನ್ನು ಅಂಕಲ್ ಅನ್ನುತ್ತಾರೆ.

ನಿಜ ಹೇಳುತ್ತೇನೆ, ಮನೆ ಬಿಕೋ ಅನ್ನುತ್ತಿದೆ. ಬಂದುಬಿಡು.

ಸತ್ಯ


ಪೇರ್ಲ್ಯಾಂಡ್
೨೪ ಅಕ್ಟೋಬರ್ ೨೦೨೫

ರೀ,

ಅಂಕಲ್ ಪ್ರಸಂಗ ಓದಿ ನಾನೂ ಅಕ್ಕನೂ ಬಹಳ ನಕ್ಕೆವು. ಅದಕ್ಕೇ ಕೆಂಪು ಗೆರೆ ಎಳೆಯಬೇಕಾಯಿತು. ಕೊನೆಯ ಎರಡು ಸಾಲಿಗೆ ಎಳೆದಿಲ್ಲ, ಆದರೆ ಎರಡು ಸಾಲು ಕಾಗದವಲ್ಲ.

ನಾನು ಎಡಕ್ಕೆ ತಿರುಗಿದ್ದು ನಿಮ್ಮನ್ನು ಹುಡುಕಿಕೊಂಡಲ್ಲ. ಅಲ್ಲಿ ಗೋಡೆ ಗಡಿಯಾರ ಇತ್ತು.

ಹ್ಯೂಸ್ಟನ್‌ನವರು ಕೂಡ ತಮ್ಮ ರಾಜ್ಯೋತ್ಸವ ಹದಿನೈದಕ್ಕೇ ಇಟ್ಟುಕೊಂಡಿದ್ದಾರೆ. ನೀವೊಬ್ಬರೇ ಬಂದು ಮಾತಾಡಿ ಎಂದು ನನ್ನನ್ನು ಕೇಳಿದ್ದಾರೆ. ಪೋಸ್ಟರಿನಲ್ಲಿ ನನ್ನ ಹೆಸರು ಮಾತ್ರ ಹಾಕುತ್ತಾರಂತೆ. ಅತ್ತ ಮೋಹನರಾಜ ಅವರೂ ಯಾರ ಹೆಸರು ಹಾಕಲಿ ಎಂದು ದಿನಾ ಫೋನ್ ಮಾಡುತ್ತಿದ್ದಾರೆ, ಪಾಪ, ಅವರಿಗೂ ಮೊಣಕಾಲಿನ ಕಥೆ ಹೇಳಿ ಹೇಳಿ ನನಗೆ ಸಾಕಾಗಿದೆ. ಮುಂದಿನ ವಾರ ಮುಗಿಯುವುದರೊಳಗೆ ಇಬ್ಬರಲ್ಲಿ ಒಬ್ಬರಿಗೆ ಹ್ಞೂಂ ಅನ್ನಬೇಕು. ಈ ಸಲ ಕಾಗದ ಬರದಿದ್ದರೆ ಹ್ಯೂಸ್ಟನ್‌ಗೆ ಅನ್ನುತ್ತೇನೆ. ಅದು ಒಂದು ದಿನದ ಶೋ ವಿಷಯವಲ್ಲ, ನಿಮಗೆ ಗೊತ್ತು.

ಅನುಸೂಯಾ


ಲೂಯಿಸ್‌ವಿಲ್
೨೮ ಅಕ್ಟೋಬರ್ ೨೦೨೫

ಅನು,

ಆಗಸ್ಟ್‌ನಲ್ಲಿ ದಿಯಾಳನ್ನು ಲಬ್ಬಕ್‌ಗೆ ಬಿಟ್ಟು ಒಬ್ಬಳೇ ವಾಪಸ್ ಬಂದೆ. ದಾರಿಯಲ್ಲಿ ಜಿಪಿಎಸ್ ಒಬ್ಬಳೇ ಮಾತಾಡಿದಳು ಅಂದೆ.

ಆಮೇಲೆ?

ಸತ್ಯಪ್ರಕಾಶ


ಪೇರ್ಲ್ಯಾಂಡ್
೧ ನವೆಂಬರ್ ೨೦೨೫

ರೀ,

ನಿಮ್ಮ ಕಾಗದ ಬಂತು. ಲಕೋಟೆ ತೆಳ್ಳಗಿತ್ತು. ವಕೀಲರ ನೋಟಿಸ್ ಇರಬಹುದು ಎಂದು ಅಕ್ಕ ಕನ್ನಡಕ ಹಾಕಿಕೊಂಡೇ ಬಂದಳು. ಓದಿ "ಇಷ್ಟ ಏನು? ಉಳಿದದ್ದು ಎಲ್ಲಿ?" ಎಂದು ಲಕೋಟೆಯನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿದಳು. ನಾನು ಕೆಂಪು ಪೆನ್ನು ಹಿಡಿದು ಕೂತಿದ್ದೆ, ಮುಚ್ಚಿಟ್ಟೆ.

ಹದಿನೈದು ವರ್ಷ ವೇದಿಕೆಯ ಮೇಲೆ 'ಆಮೇಲೆ?' ಅನ್ನುವುದು ನನ್ನ ಕೆಲಸವಾಗಿತ್ತು. ನೀವು ಒಂದು ಹೊಡೆದು ಉಸಿರೆಳೆದುಕೊಳ್ಳುವಾಗ ನಾನು ಕೇಳಬೇಕು, ನೀವು ಮುಂದಿನದು ಹೇಳಬೇಕು. ಅದನ್ನು ನನಗೆ ಒಬ್ಬರು ಕೇಳಿದ್ದು ಇದೇ ಮೊದಲು.

ಆಮೇಲೆ ಏನಾಯಿತೆಂದರೆ, ಹಾಸ್ಟೆಲಿನ ಬಾಗಿಲಲ್ಲಿ ದಿಯಾ "ಬೈ ಅಮ್ಮಾ, ಡ್ರೈವ್ ಸೇಫ್" ಎಂದು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಊರು ದಾಟುವ ತನಕ ನಾನು ಗಟ್ಟಿಯಾಗಿಯೇ ಇದ್ದೆ. ಹತ್ತಿ ಹೊಲಗಳು ಶುರುವಾದವು. ಧಾರವಾಡದ ಕಡೆಯ ಹತ್ತಿ ನೆನಪಾಗಿ ಅತ್ತೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಅತ್ತದ್ದು ಚಕ್ಕುಲಿ ಡಬ್ಬಕ್ಕೆ. ಅವಳಿಗೆಂದು ಮಾಡಿದ್ದು, ಹಿಂದಿನ ಸೀಟಿನಲ್ಲೇ ಉಳಿದುಬಿಟ್ಟಿತ್ತು. ಬೆಲ್ಟ್ ಹಾಕಿಸಿ ಕೂರಿಸಿದ್ದೆ ಬೇರೆ.

ಅಳುತ್ತಾ ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿದೆ. ಜಿಪಿಎಸ್‌ನಾಕೆ ಬೈಯಲಿಲ್ಲ. ಮತ್ತೆ ತಪ್ಪಿಸಿದೆ, ಆಗಲೂ ಬೈಯಲಿಲ್ಲ. ನನಗೆ ಆಕೆಯ ಮೇಲೆ ಸಿಟ್ಟು ಬಂತು. ಮನುಷ್ಯರಾಗಿದ್ದರೆ ಇಷ್ಟು ಹೊತ್ತಿಗೆ "ಕಣ್ಣ್ ಎಲ್ಲಿಟ್ಟಿದೀಯ?" ಅನ್ನುತ್ತಿದ್ದರು, ನೀವು ಅನ್ನುತ್ತೀರಲ್ಲ ಹಾಗೆ. ಕೊನೆಗೆ ಯಾವುದೋ ಊರಿನ ಗ್ಯಾಸ್ ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸಿ ನೀರು ಕೊಳ್ಳಲು ಒಳಗೆ ಹೋದೆ. ಕೌಂಟರಿನಲ್ಲಿದ್ದ ಮುದುಕಿ ನನ್ನ ಮುಖ ನೋಡಿ "ಆರ್ ಯು ಓಕೆ, ಹನಿ?" ಎಂದಳು.

ಬಾಯಿ ತೆರೆದೆ, ಇಂಗ್ಲಿಷ್ ಬರಲಿಲ್ಲ. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಆಡುವ ಭಾಷೆ, ಒಂದು ಪದವೂ ಬರಲಿಲ್ಲ. ಕನ್ನಡದಲ್ಲೇ ಹೇಳಿದೆ. ಎಲ್ಲ ಹೇಳಿದೆ. ಮಗಳು ತಿರುಗಿ ನೋಡದೆ ಹೋದದ್ದು, ಇನ್ನು ಮನೆಯಲ್ಲಿ ಅಡಿಗೆ ಎಷ್ಟು ಮಾಡಬೇಕೋ ಗೊತ್ತಾಗದಿರುವುದು, ಆಫೀಸಿಗೆ ರಜೆ ಹಾಕದ ಗಂಡ, ಚಕ್ಕುಲಿಗೆ ಬೆಣ್ಣೆ ಸ್ವಲ್ಪ ಹೆಚ್ಚಾದದ್ದು. ಮುದುಕಿ ಕೌಂಟರಿನ ಮೇಲೆ ಮೊಣಕೈ ಊರಿ ಕೇಳಿಸಿಕೊಂಡಳು. ನನ್ನ ಹಿಂದೆ ದೊಡ್ಡ ಟೋಪಿಯ ಗಡವನೊಬ್ಬ ಐಸ್ ಚೀಲ ಹಿಡಿದು ನಿಂತಿದ್ದ. ಅವನಿಗೆ ತಡೆ ಎಂದು ಕೈ ತೋರಿಸಿದಳು. ಐಸ್ ಕರಗಿ ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಬೆಣ್ಣೆಯ ವಿಷಯಕ್ಕೆ ಬರುವ ಹೊತ್ತಿಗೆ ಅವನು ಟೋಪಿ ತೆಗೆದು ಎದೆಯ ಮೇಲೆ ಹಿಡಿದು ತಲೆ ತಗ್ಗಿಸಿದ. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡಿರಬೇಕು. ಕಾರಿನಿಂದ ಡಬ್ಬ ತಂದು ಇಬ್ಬರಿಗೂ ಒಂದೊಂದು ಚಕ್ಕುಲಿ ಕೊಟ್ಟೆ. ಅವನು ಬಹಳ ಗೌರವದಿಂದ ತಿಂದ. ತಿಂದು, ದುಃಖದ ಮುಖ ಹಾಗೇ ಇಟ್ಟುಕೊಂಡು, ಇನ್ನೊಂದು ಕೇಳಿದ.

ಕಾರಿಗೆ ಬಂದು ಕೂತವಳಿಗೆ ನಗು ಹತ್ತಿತು. ಅಳುವಿಗಿಂತ ಜೋರಾಗಿ ಹತ್ತಿತು. ಕಣ್ಣು ಒರೆಸಿಕೊಳ್ಳುವಾಗ ಒಂದೇ ವಿಚಾರ ಬಂತು. ಇನ್ನು ಮನೆಯಲ್ಲಿ ಇಬ್ಬರೇ, ಆದರೂ ಪರವಾಗಿಲ್ಲ. ಆ ಗಡವನ ಮುಖ ಹೇಗಿತ್ತು ಎಂದು ನಾನು ಮಾಡಿ ತೋರಿಸಿದರೆ ಕೆಳಗೆ ಬಿದ್ದು ಹೊರಳುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ಲೂಯಿಸ್‌ವಿಲ್‌ನಲ್ಲಿ ಕೂತಿದ್ದಾರೆ, ಹೋಗಿ ಹೇಳಬೇಕು. ಅಲ್ಲಿಂದ ಎಲ್ಲೂ ನಿಲ್ಲಿಸದೆ ಬಂದೆ. ಹೇಗೆ ಶುರುಮಾಡುವುದು ಎಂದು ದಾರಿಯುದ್ದಕ್ಕೂ ಕೂಡಿಸಿಕೊಂಡೆ, ಮೊದಲನೇ ಸಾಲು ಜಿಪಿಎಸ್‌ದು ಎಂದು ಗಟ್ಟಿ ಮಾಡಿಕೊಂಡೆ. ಹೌದು, ಅದು ಜೋಕೇ. ನಾನೇ ನಿಮಗೆಂದು ಕಟ್ಟಿದ್ದು. ಕೈಕಾಲು ಕೂಡ ತೊಳೆಯದೆ ಬಂದು ಕೂತು ಹೇಳಿದೆ. ನೀವು ಮೊದಲನೇ ಸಾಲಿಗೇ ಫೋನ್ ತೆಗೆದಿರಿ.

ಹ್ಯೂಸ್ಟನ್‌ನವರಿಗೆ ಈಗ ತಾನೇ ಆಗುವುದಿಲ್ಲ ಅಂದೆ. ಅಕ್ಕ ನನ್ನನ್ನು ಆಸ್ಟಿನ್ ತನಕ ಬಿಡುತ್ತಾಳೆ, ದ ಡೊಮೇನ್ ಮಾಲ್ ಹತ್ತಿರ ಬಂದು ಕರೆದುಕೊಂಡು ಹೋಗಿ. ಈ ಕಥೆಯನ್ನು ಅಲ್ಲಿ ವೇದಿಕೆಯ ಮೇಲೆ ಹೇಳುವ ಹಾಗಿಲ್ಲ. ಇದು ನಿಮಗೆ ತಂದದ್ದು.

ಇಷ್ಟೇ ನಾನು ಹೇಳುವುದಿದ್ದದ್ದು. ಮುಗಿಯಿತು. ಇನ್ನು ನಗಿ.

ನಿಮ್ಮ ಅನು